ಹಾರ್ಡ್ ರಾಕ್ ಮೀಮಾಂಸೆ: ಕುಂದಾಣ ಪ್ರಸ್ಥಾನ

ಹಾರ್ಡ್ ರಾಕ್ ಎಂಬ ಸಂಗೀತ ಪ್ರಕಾರವನ್ನು ಸರಿಯಾಗಿ ಪ್ರತಿನಿಧಿಸುವ ಬ್ಯಾಂಡ್ ಯಾವುದು ಎಂಬ ವ್ಯಾಜ್ಯ ಅರ್ಧ ಶತಮಾನ ದಾಟಿದರೂ ಇತ್ಯರ್ಥವಾಗಿಲ್ಲ. ಲೆಡ್ ಜೆಪ್ಪೆಲಿನ್ ಮತದವರು, ಡೀಪ್ ಪರ್ಪಲ್ ಮತದವರು, ಎಸಿ/ಡಿಸಿ ಮತದವರು ದ್ವೈತಾದ್ವೈತಿಗಳಿಗಿಂತ ನಿಷ್ಠುರವಾಗಿ ಕಾದಾಡಿದ್ದಾರೆ. ಆಚಾರ್ಯರಿಗಾದರೂ ಪ್ರಸ್ಥಾನತ್ರಯಿಯೆಂಬ ಸಮಾನ ಆಧಾರವಿತ್ತು, ಇವರಿಗೆ ಅದೂ ಇಲ್ಲ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬಂತು, ಜೂನ್‌ನಲ್ಲಿ ಏರೋಸ್ಮಿತ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ಸಾವಿರಾರು ಜನ ತಲೆ ಕುಣಿಸಿದರು, ಕಾಲಡಿ ಏನಿದೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ವಾದದ ಮೂಲ ದೋಷ ಇಲ್ಲೇ ಇದೆ. ‘ಹಾರ್ಡ್’ ಎಂಬ ವಿಶೇಷಣವನ್ನು ಚರ್ಚಿಸಿದರು, ‘ಬ್ಯಾಂಡ್’ ಎಂಬ ನಾಮಪದಕ್ಕೆ ಜಗಳವಾಡಿದರು, ನಡುವೆ ಕೂತಿದ್ದ ಕಲ್ಲನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಆ ಲೋಪವನ್ನು ತುಂಬಲು ದೇವನಹಳ್ಳಿ ತಾಲೂಕಿನ ಕುಂದಾಣಕ್ಕಿಂತ ತಕ್ಕ ಕ್ಷೇತ್ರವಿಲ್ಲವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಲಕ್ಷಣ ನಿರೂಪಣೆ. ‘ಹಾರ್ಡ್ ರಾಕ್’ ಎಂಬುದನ್ನು ಶಾಸ್ತ್ರೀಯವಾಗಿ, ಸರ್ಕಾರಿ ಮೊಹರಿನ ಸಮೇತ ಬಳಸುವವರು ಸಂಗೀತ ವಿಮರ್ಶಕರಲ್ಲ, ಅಂತರ್ಜಲ ಇಲಾಖೆಯವರು. ಗ್ರಾನೈಟು, ನೈಸ್ ಮುಂತಾದ, ತಮ್ಮ ಒಡಲಲ್ಲಿ ನೀರಿಗೆ ಜಾಗವನ್ನೇ ಕೊಡದ, ಬಿರುಕು ಬಿಟ್ಟಲ್ಲಿ ಮಾತ್ರ ತುಸು ಕರಗುವ ಶಿಲೆಗಳಿಗೆ ಅವರು ಇಟ್ಟ ಹೆಸರದು. ಕುಂದಾಣದ ಸುತ್ತಮುತ್ತ ನೆಲದಡಿ ಹಾಸಿರುವುದು ಇದೇ ಪೆನಿನ್ಸುಲರ್ ನೈಸ್. ಲಾಲ್‌ಬಾಗಿನ ಬಂಡೆಯ ಬಂಧು, ವಯಸ್ಸು ಸುಮಾರು 300 ಕೋಟಿ ವರ್ಷ. ಬಿಳಿಯ ಪಟ್ಟೆಯೊಂದು, ಕಪ್ಪು ಪಟ್ಟೆಯೊಂದು ಎಂದು ಸೀರೆಯ ಅಂಚಿನಂತೆ ಸಾಗುವ ಈ ಕಲ್ಲನ್ನು ಭೂವಿಜ್ಞಾನಿಗಳು ‘ಬ್ಯಾಂಡೆಡ್ ನೈಸ್’ ಎನ್ನುತ್ತಾರೆ. ಅಂದರೆ ಇಂಗ್ಲೆಂಡಿನಲ್ಲಿ ಗಿಟಾರಿಗೆ ಕರೆಂಟು ಕೊಡುವ ಎಷ್ಟೋ ಮುಂಚೆಯೇ ಕುಂದಾಣದಲ್ಲಿ ಹಾರ್ಡ್ ರಾಕ್ ಇತ್ತು, ಅದರೊಳಗೇ ಬ್ಯಾಂಡೂ ಇತ್ತು. ‘ಬಂಡೆ’ಯಿಂದಲೇ ‘ಬ್ಯಾಂಡ್’ ಹುಟ್ಟಿತು ಎಂಬ ನಿಷ್ಪತ್ತಿಯನ್ನೂ ಇಲ್ಲಿ ವಿನಯದಿಂದ ಮಂಡಿಸಬಹುದು. ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಒಪ್ಪದಿರುವುದು ಅವರ ವೃತ್ತಿಧರ್ಮ.

ಇನ್ನು ಪೂರ್ವಪಕ್ಷ. ಲೆಡ್ ಜೆಪ್ಪೆಲಿನ್ ತಂಡದ ಹೆಸರಿನಲ್ಲಿರುವುದು ಸೀಸ, ಅಕ್ಷರವೊಂದನ್ನು ಬೇಕೆಂದೇ ಕಳೆದುಕೊಂಡ ಸೀಸ. ಗಡಸುತನದ ಮೋಸ್ ಮಾಪಕದಲ್ಲಿ ಸೀಸಕ್ಕೆ ಸಿಗುವ ಅಂಕ ಒಂದೂವರೆ. ನಮ್ಮ ನೈಸಿನಲ್ಲಿರುವ ಫೆಲ್ಡ್‌ಸ್ಪಾರಿಗೆ 6, ಬೆಣಚುಕಲ್ಲಿಗೆ 7. ಉಗುರಿಗೇ ಗೀರು ಬೀಳುವ ಲೋಹದ ಹೆಸರು ಹೊತ್ತವರು ಗಟ್ಟಿ ಕಲ್ಲಿನ ಪ್ರತಿನಿಧಿಗಳಾಗುವುದು ಹೇಗೆ? ಹೆಸರಿನ ಉತ್ತರಾರ್ಧ ವಾಯುನೌಕೆ. ಆ ವಿಷಯ 2008ರಿಂದ ಪಕ್ಕದ ವಿಮಾನ ನಿಲ್ದಾಣದ ವ್ಯಾಪ್ತಿಗೆ ಸೇರಿದ್ದು. ಡೀಪ್ ಪರ್ಪಲ್ ಎಂದರೆ ಕಡುನೇರಳೆ. ಈ ಸೀಮೆಯಲ್ಲಿ ಆ ಬಣ್ಣದ ಹಕ್ಕುದಾರ ಭೌಗೋಳಿಕ ಸೂಚ್ಯಂಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ. ಹಾಗಾಗಿ ಆ ಅರ್ಜಿ ತೋಟಗಾರಿಕೆ ಇಲಾಖೆಗೆ ವರ್ಗವಾಗತಕ್ಕದ್ದು. ರೋಲಿಂಗ್ ಸ್ಟೋನ್ಸ್ ಸ್ವಯಂ ತಪ್ಪೊಪ್ಪಿಕೊಂಡಿದ್ದಾರೆ: ಉರುಳುವುದು ಗುಂಡುಕಲ್ಲು, ತಳದ ಬಂಡೆ ಉರುಳುವುದಿಲ್ಲ. ತುಸು ಗಂಭೀರವಾಗಿ ಪರಿಶೀಲಿಸಬೇಕಾದವರು 1973ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಎಸಿ/ಡಿಸಿ. ಹೊಲಿಗೆ ಯಂತ್ರದ ಮೇಲಿದ್ದ ಅಕ್ಷರಗಳನ್ನೇ ಹೆಸರಾಗಿಸಿಕೊಂಡ ಸರಳತೆ ಮೆಚ್ಚುವಂಥದ್ದು. ಹಾಡೊಂದಕ್ಕಾಗಿ ಟನ್ನು ತೂಕದ ಗಂಟೆ ಎರಕ ಹೊಯ್ಯಿಸಿದ ಭಕ್ತಿಗೆ ನಮ್ಮ ಮುಜರಾಯಿ ದೇವಸ್ಥಾನಗಳೂ ತಲೆದೂಗಬೇಕು. ಆದರೆ ಕುಂದಾಣದ ರೈತನಿಗೆ ಎಸಿ, ಡಿಸಿ, ತ್ರೀ ಫೇಸ್ ಎಂಬ ಚಿಂತೆ ಶುರುವಾಗುವುದು ಮೋಟರು ಇಳಿಸಿದ ಮೇಲೆ. ಮೋಟರು ಇಳಿಸಬೇಕಾದರೆ ತೂತು ಬೇಕು. ತೂತು ಕೊರೆಯುವವರೇ ಪೂರ್ವಜರು, ವಿದ್ಯುತ್ತಿನವರು ವಂಶಜರು.

ಹೀಗೆ ಸಿದ್ಧಾಂತ ತಾನಾಗಿ ಬಂದು ನಿಲ್ಲುತ್ತದೆ. ಹಾರ್ಡ್ ರಾಕನ್ನು ನಿರ್ವಿವಾದವಾಗಿ ಪ್ರತಿನಿಧಿಸುವ ಬ್ಯಾಂಡ್ ಎಂದರೆ ಬೋರ್‌ವೆಲ್ ಲಾರಿ. ಲಾರಿ ಎಂದು ಏಕವಚನದಲ್ಲಿ ಹೇಳಿದರೂ ಬರುವುದು ಎರಡು, ಕೊರೆಯುವುದೊಂದು, ಕಂಪ್ರೆಸರ್ ಹೊತ್ತದ್ದೊಂದು. ಪ್ರಮುಖ ವಾದ್ಯವೊಂದು ಹಿಮ್ಮೇಳವೊಂದು ಎಂಬ ಬ್ಯಾಂಡಿನ ಕನಿಷ್ಠ ಷರತ್ತು ಅಲ್ಲಿಗೇ ಪೂರೈಸಿತು. ಕಾರ್ಯಕ್ರಮ ನಿಗದಿಪಡಿಸುವವರು ಬೇರೆ: ಕವಲುಕಡ್ಡಿಯನ್ನೋ ಅಂಗೈ ಮೇಲೆ ತೆಂಗಿನಕಾಯಿಯನ್ನೋ ಹಿಡಿದು ಹೊಲದಲ್ಲಿ ಅಡ್ಡಾಡಿ ‘ಪಾಯಿಂಟ್’ ತೋರಿಸುವವರು. ಪೂಜೆ, ಊದುಬತ್ತಿ, ಒಡೆದ ಕಾಯಿ, ಆಮೇಲೆ ಶುರು. ಮೇಲಿನ ಮೆತ್ತನೆಯ ಮಣ್ಣಿಗೆ ಕೇಸಿಂಗ್ ಪೈಪ್ ಇಳಿಯುವವರೆಗಿನದು ಬರೀ ಆಲಾಪನೆ. ಬಂಡೆ ತಗುಲಿದ ಕ್ಷಣದಿಂದ ಗಾಳಿಯೊತ್ತಡದ ಸುತ್ತಿಗೆ ನೆಲದಾಳದಲ್ಲಿ ಬಾರಿಸತೊಡಗುತ್ತದೆ, ಬೂದುಬಣ್ಣದ ಧೂಳು ಆಳೆತ್ತರ ಏಳುತ್ತದೆ. ವಿದೇಶಿ ತಂಡಗಳು ವೇದಿಕೆಗೆ ಹೊಗೆ ಬಿಡಲು ಯಂತ್ರ ಬಾಡಿಗೆಗೆ ತರುತ್ತವೆ, ಇಲ್ಲಿ ಹೊಗೆ ಸಂಗೀತದಿಂದಲೇ ಹುಟ್ಟುತ್ತದೆ. ರಾಡ್ ಮುಗಿದು ಇನ್ನೊಂದನ್ನು ಜೋಡಿಸುವಷ್ಟು ಹೊತ್ತು ಮೌನ, ಅದು ಎರಡು ಹಾಡುಗಳ ನಡುವಿನ ವಿರಾಮ. ಸಂಗೀತಕ್ಕೆ ನಿಮಿಷದ ಲೆಕ್ಕವಿಲ್ಲ, ಅಡಿಯ ಲೆಕ್ಕ. ಸಾವಿರ ಅಡಿ ದಾಟುವುದು ಈ ಭಾಗದಲ್ಲಿ ಈಗ ಸುದ್ದಿಯೂ ಅಲ್ಲ. ಶ್ರೋತೃಗಳ ಏಕಾಗ್ರತೆಯಂತೂ ಯಾವ ಕಚೇರಿಯಲ್ಲೂ ಕಾಣದಂಥದ್ದು. ಕಲ್ಲಿನ ಸದ್ದು ಕೊಂಚ ಬದಲಾದರೆ ಸಾಕು, ಅರೆನಿದ್ದೆಯಲ್ಲಿದ್ದ ಅಜ್ಜಿಯೂ ಎದ್ದು ಕೂತು “ಗ್ಯಾಪ್ ಸಿಕ್ತೇನಪ್ಪಾ?” ಎಂದು ಕೇಳುತ್ತಾರೆ. ಧೂಳು ಒದ್ದೆಯಾಗಿ ಕೆಸರು ಚಿಮ್ಮಿತೋ, ಕುಣಿತ. ಎರಡಿಂಚು ನೀರಿಗೆ ಬೀಳುವ ಸಿಳ್ಳೆ ಎಷ್ಟೇ ಪ್ರಸಿದ್ಧ ಗಿಟಾರ್ ಸೋಲೋಗೂ ಬಿದ್ದಿರಲಾರದು.

ಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಶಬ್ದವೂ ಪ್ರಮಾಣ. ಇಲ್ಲಿ ಶಬ್ದದ ಪ್ರಮಾಣವೇ ಪ್ರಮಾಣ. ಡೀಪ್ ಪರ್ಪಲ್ 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿತ್ತು. ಕಿವಿಗೆ ಅಪಾಯವೆಂದು ಗಿನ್ನೆಸ್‌ನವರು ಮುಂದೆ ಆ ದಾಖಲೆಯನ್ನೇ ಕೈಬಿಟ್ಟರು. ಬೋರ್‌ವೆಲ್ ಲಾರಿಗೆ ಅಂಥ ದಾಖಲೆಯ ಹಂಗಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ಮೀರಕೂಡದೆಂದು 2000ನೇ ಇಸವಿಯ ನಿಯಮ ಹೇಳುತ್ತದೆ. ರಾತ್ರಿಯೆಲ್ಲ ಕೊರೆದರೂ ಊರು ತಕರಾರೆತ್ತುವುದಿಲ್ಲ, ನಾಳೆ ತಮ್ಮ ಹೊಲಕ್ಕೂ ಅದೇ ಲಾರಿ ಬರಬೇಕಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಊರಿನ ಮದುವೆಗೆ ಬರುವ ಬ್ಯಾಂಡ್‌ಸೆಟ್ಟಿಗೆ ಹೆಸರಿನಲ್ಲೇ ಹಕ್ಕಿದೆಯಲ್ಲ ಎನ್ನಬಹುದು. ಅದು ಹಿತ್ತಾಳೆ, ಹೆವಿ ಮೆಟಲ್ ವಿಭಾಗದಲ್ಲಿ ಸ್ಪರ್ಧಿಸಲಿ. ತಮಟೆ ಚರ್ಮ, ಅದೂ ಬೆಂಕಿಗೆ ಹಿಡಿದರೇ ಏರುವಂಥದ್ದು. ಆ ನಾದಕ್ಕೆ ಸಾಟಿಯಿಲ್ಲ, ಕಲ್ಲಿನೊಡನೆ ಸಂಬಂಧವೂ ಇಲ್ಲ. ಕ್ರಷರ್ ಎಂಬ ಅಭ್ಯರ್ಥಿ ಮೇಲ್ನೋಟಕ್ಕೆ ಬಲಿಷ್ಠ, ಆದರೆ ಅದು ಬಂಡೆಯನ್ನು ಜೆಲ್ಲಿ ಮಾಡಿಬಿಡುತ್ತದೆ. ಜೆಲ್ಲಿಯನ್ನು ಗಟ್ಟಿ ಪ್ರಕಾರಕ್ಕೆ ಸೇರಿಸಲು ಬೇಕರಿಯವರೂ ಒಪ್ಪರು. ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಇದೇ ಹೋಬಳಿಯ, ಕಲ್ಲುಕುಟಿಗರ ಊರಾದ ಕೊಯಿರದಿಂದ ಬರಬೇಕು. ಬೆಂಗಳೂರು ಸೀಮೆಯ ಹಳೆಯ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ, ಕಾದ ಜಾಗವನ್ನು ಸುತ್ತಿಗೆಯಿಂದ ತಟ್ಟುತ್ತ, ಸದ್ದು ಟೊಳ್ಳಾದಾಗ ಪದರ ಬಿಟ್ಟಿತೆಂದು ಅರಿತು, ಬೆಂಕಿಯನ್ನು ಮುಂದಕ್ಕೆ ಸರಿಸಿ, ಅಂಗಳದಗಲದ ಹಾಳೆಯನ್ನೇ ಎಬ್ಬಿಸುತ್ತಿದ್ದರು. ಕಲ್ಲಿಗೆ ಕಿವಿಗೊಡುವ ವಿದ್ಯೆ ಅವರದೇ. ಬೋರಿನವರು ಅದರ ಪರಂಪರೆಯಲ್ಲಿ ಬಂದವರು. ಆದ್ದರಿಂದ ಕೊಯಿರದವರಿಗೆ ‘ಅನ್‌ಪ್ಲಗ್ಡ್’ ಶಾಖೆಯ ಮೂಲಪುರುಷ ಸ್ಥಾನವನ್ನು ತಕರಾರಿಲ್ಲದೆ ಬಿಟ್ಟುಕೊಡತಕ್ಕದ್ದು. ಬಳ್ಳಾರಿ ಬಳಿಯ ಸಂಗನಕಲ್ಲಿನ ಬೆಟ್ಟದಲ್ಲಿ ನವಶಿಲಾಯುಗದವರು ಕಲ್ಲಿನಿಂದ ಕಲ್ಲನ್ನು ಬಾರಿಸಿ ಗಂಟೆಯ ನಾದ ಹೊರಡಿಸುತ್ತಿದ್ದರೆಂದು ಪುರಾತತ್ವಜ್ಞರು ಹೇಳುತ್ತಾರೆ. ಇಂಗ್ಲೆಂಡಿನ ರಿಚರ್ಡ್‌ಸನ್ ಕುಟುಂಬ ಕಲ್ಲುಪಟ್ಟಿಗಳ ವಾದ್ಯ ಕಟ್ಟಿ 1848ರಲ್ಲಿ ವಿಕ್ಟೋರಿಯಾ ರಾಣಿಯೆದುರು ನುಡಿಸಿತ್ತು, ತಂಡದ ಹೆಸರಿನಲ್ಲಿ ‘ರಾಕ್’ ಮತ್ತು ‘ಬ್ಯಾಂಡ್’ ಎರಡೂ ಇದ್ದವು! ಆದರೆ ಅವರು ಕಲ್ಲನ್ನು ಅರಮನೆಗೆ ಹೊತ್ತೊಯ್ದರು. ನಮ್ಮವರು ಕಲ್ಲಿದ್ದಲ್ಲಿಗೇ ಹೋಗುತ್ತಾರೆ.

ಲಾರಿಗಳೂ ಹುಡುಗರೂ ಬಹುಪಾಲು ತಮಿಳುನಾಡಿನ ತಿರುಚೆಂಗೋಡಿನ ಕಡೆಯವರು, ಇದರಲ್ಲಿ ಕುಂದಾಣದ್ದೇನು ಬಂತು ಎಂಬ ಅಭಿಮಾನದ ಪ್ರಶ್ನೆಗೆ ಇತಿಹಾಸವೇ ಉತ್ತರ. ಹೊಯ್ಸಳ ಸೋಮೇಶ್ವರನ ರಾಜ್ಯ 1254ರಲ್ಲಿ ಇಬ್ಭಾಗವಾಯಿತು. ನರಸಿಂಹ ಹಳೇಬೀಡಿನಲ್ಲಿ ಉಳಿದ, ರಾಮನಾಥನಿಗೆ ತಮಿಳು ಸೀಮೆ ಬಂತು. ಬ್ಯಾಂಡು ಒಡೆದು ಒಂದೇ ಹೆಸರಿನಲ್ಲಿ ಎರಡು ತಂಡ ಸುತ್ತುವ ಪದ್ಧತಿ ಹೊಸದೇನಲ್ಲ. ಪಾಂಡ್ಯರ ಒತ್ತಡಕ್ಕೆ ಶ್ರೀರಂಗದ ಪಕ್ಕದ ಕಣ್ಣನೂರು ಬಿಟ್ಟ ರಾಮನಾಥ ಕುಂದಾಣಕ್ಕೆ ಬಂದು ನೆಲೆಸಿದ. ಮುಂದೆ ಮೂರನೆಯ ಬಲ್ಲಾಳ ಎರಡನ್ನೂ ಕೂಡಿಸಿದ್ದು ಪುನರ್ಮಿಲನ ಪ್ರವಾಸ. ತಮಿಳು ಸೀಮೆಯಿಂದ ಕುಂದಾಣಕ್ಕೆ ಬರುವ ದಾರಿ ಹೀಗೆ ಏಳುನೂರು ವರ್ಷ ಹಳೆಯದು, ಬೋರ್‌ವೆಲ್ ಲಾರಿ ಅದರಲ್ಲಿ ಬಂದ ಮೊದಲ ವಾಹನವಲ್ಲ. ಆ ಕುಂದಾಣ ಇದಲ್ಲ, ಹೊಸೂರು ಸೀಮೆಯ ಕುಂದಾಣಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಅಲ್ಲಿಯೂ ನೆಲದಡಿ ಇರುವುದು ಗಟ್ಟಿ ಬಂಡೆಯೇ ಆದ್ದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ.

ಕೊನೆಯ ಆಕ್ಷೇಪ: ಇದರಲ್ಲಿ ರಾಗವಿಲ್ಲ, ಒಂದೇ ಸ್ವರ. ಹಾರ್ಡ್ ರಾಕಿನಲ್ಲಿ ಮೂರೇ ಸ್ವರಮೇಳಗಳೆಂದು ಮೂಗು ಮುರಿದವರಿಗೆ ಅಭಿಮಾನಿಗಳು ಕೊಟ್ಟ ಉತ್ತರವೇ ಇಲ್ಲಿಗೂ ಸಾಕು: ಸಂಗತಿ ಸ್ವರದಲ್ಲಿಲ್ಲ, ಆಳದಲ್ಲಿದೆ. ಒಂದೇ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಬೇರೆ ಬ್ಯಾಂಡುಗಳಿಗೆ ಆಟ ಗೆದ್ದರೆ ‘ಒನ್ಸ್ ಮೋರ್’, ಇದಕ್ಕೆ ಮಾತ್ರ ಸೋತರೆ. ಬರೀ ಧೂಳು ಬಂದ ರಾತ್ರಿಯ ಮರುದಿನ ಯಾರೂ ಕೂಗುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಫೇಲಾದ ಬೋರಿನ ಬಾಯಿಗೆ ಒಂದು ಚಪ್ಪಡಿ ಎಳೆದು, ಹೆಂಡತಿಯ ಸರ ಇನ್ನೂ ಬಿಡಿಸಿಲ್ಲವೆಂಬುದನ್ನು ನೆನಪಿಸಿಕೊಂಡು, ತೆಂಗಿನಕಾಯಿಯವರನ್ನು ಮತ್ತೆ ಕರೆಸುತ್ತಾರೆ. ಅವರು ಇಪ್ಪತ್ತು ಮಾರು ಈಚೆಗೆ, ಹುಣಸೆಮರದ ಕಡೆ, ಇನ್ನೊಂದು ಪಾಯಿಂಟ್ ತೋರಿಸುತ್ತಾರೆ.