ನೆರವು ನೀಡಿ, ಬಾಯಿ ಬಿಡಬೇಡಿ

ಪ್ರತಿ ಲಾ ಕಾಲೇಜಿನಲ್ಲೂ ಕಾನೂನು ನೆರವಿನ ಕ್ಲಿನಿಕ್ ಇರಲೇಬೇಕೆಂದು ವಕೀಲರ ಪರಿಷತ್ತು 2008ರ ನಿಯಮಗಳಲ್ಲೇ ಬರೆದಿಟ್ಟಿದೆ. ಹಾಗಾಗಿ ಇದೆ. ಬೋರ್ಡಿದೆ, ರಿಜಿಸ್ಟರಿದೆ, ಮುಖ್ಯ ಅತಿಥಿ ಗಿಡಕ್ಕೆ ನೀರೆರೆದ ಫೋಟೋ ಇದೆ. ತಪಾಸಣಾ ತಂಡ ಬರುವ ವಾರ ಬೀಗದ ಕೈಯೂ ಸಿಗುತ್ತದೆ.

ಅಪ್ಪಿತಪ್ಪಿ ಬಾಗಿಲು ತೆರೆದಿದ್ದ ದಿನ, ಗಂಡನಿಂದ ಏಟು ತಿಂದ ಹೆಣ್ಣುಮಗಳೊಬ್ಬಳು ಒಳಗೆ ಬಂದಳೆನ್ನಿ. ಕೊನೆಯ ವರ್ಷದ ವಿದ್ಯಾರ್ಥಿನಿ ಎದುರು ಕೂತು ಕೇಳುತ್ತಾಳೆ: ಯಾವಾಗಿನಿಂದ ಹೊಡೆಯುತ್ತಾನೆ, ಒಡವೆ ಯಾರ ಬೀರುವಿನಲ್ಲಿದೆ, ಮಗುವಿನ ಫೀಸು ಯಾರು ಕಟ್ಟುತ್ತಾರೆ? 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಮಿನಡಿ ಅರ್ಜಿ ಬರೆಯುತ್ತಾಳೆ. ಮನೆಯಲ್ಲಿ ಉಳಿಯಲು 19ನೇ ಕಲಂ, ಖರ್ಚಿಗೆ 20, ಮಧ್ಯಂತರ ಆದೇಶಕ್ಕೆ 23. ಜೆರಾಕ್ಸ್ ಕಾಸೂ ಅವಳದೇ. ಇಷ್ಟೆಲ್ಲ ತಿಳಿದವಳು ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಅನಾಹುತವಲ್ಲವೆ? ಅದಕ್ಕೇ 1961ರ ವಕೀಲರ ಕಾಯ್ದೆ ಸನ್ನದಿಲ್ಲದವರನ್ನು ದೂರವಿಟ್ಟಿದೆ. ನ್ಯಾಯಾಲಯ ಮನಸ್ಸು ಮಾಡಿದರೆ ಯಾರಿಗಾದರೂ ಅನುಮತಿ ಕೊಡಬಹುದೆಂದು ಅದರ 32ನೇ ಕಲಂ ಹೇಳುತ್ತದೆ, ನಿಜ. ಅಂಥದ್ದನ್ನು ಪರೀಕ್ಷೆಗೆ ಓದಬೇಕು, ಕೋರ್ಟಿನಲ್ಲಿ ಕೇಳಬಾರದು.

ವಾದಿಸುವ ಚಪಲವೇ ಇದ್ದರೆ ಅಣಕು ನ್ಯಾಯಾಲಯವಿದೆ. ನಕಾಶೆಯಲ್ಲೇ ಇಲ್ಲದ ಎರಡು ದೇಶಗಳ ಸಮುದ್ರದ ಜಗಳದಲ್ಲಿ ಗುಡುಗಿ ಕಪ್ ಗೆಲ್ಲಬಹುದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮೇಲ್ವಿಚಾರಕ ವಕೀಲರಿದ್ದರೆ ವಿದ್ಯಾರ್ಥಿಯೇ ಇಂಥ ಹೆಣ್ಣುಮಕ್ಕಳ ಪರ ನಿಜವಾದ ಕೋರ್ಟಿನಲ್ಲಿ ನಿಲ್ಲಬಹುದು. ಪಾಪ, ಅಲ್ಲಿ ಕಪ್‌ಗಳ ಕೊರತೆಯಿರಬೇಕು.

ನಮ್ಮಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಿದೆ. ಕೊಡುತ್ತಾರೆ. ಕೌಟುಂಬಿಕ ಹಿಂಸೆ ಕಾಯ್ದೆಯಂತೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ. ಅಲ್ಲಿಂದ 60 ದಿನದಲ್ಲಿ ಮುಗಿಸಲು ಯತ್ನ. ಯತ್ನ ನಡೆದೇ ಇರುತ್ತದೆ. ನೋಟಿಸು 'ಮನೆಗೆ ಬೀಗ' ಎಂಬ ಷರಾ ಹೊತ್ತು ವಾಪಸಾಗುತ್ತದೆ, ಒಳಗೆ ಟಿ.ವಿ. ಓಡುತ್ತಿರುತ್ತದೆ. ಹಿಂಸೆಯ ಬಗ್ಗೆ ಕೋರ್ಟಿಗೆ ವರದಿ ಕೊಡಬೇಕಾದ ರಕ್ಷಣಾಧಿಕಾರಿಯೆಂದರೆ ನಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅಂಗನವಾಡಿಯ ಮೊಟ್ಟೆ ಲೆಕ್ಕ ಮುಗಿಯದೆ ಒಡೆದ ತಲೆಯ ಲೆಕ್ಕ ಹೇಗೆ ಬರೆದಾರು?

ಕೊನೆಗೂ ಕೇಸು ಕೂಗುತ್ತಾರೆ. ಫೈಲಿನ ದಾರ ಬಿಚ್ಚದ ಜ್ಯೂನಿಯರ್ ಒಬ್ಬ ಎದ್ದು, "ಸ್ವಾಮಿ, ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಒಂದು ವಾಯಿದೆ..." ಎನ್ನುತ್ತಾನೆ. ಅವನಿಗೆ ಸನ್ನದಿದೆ. ಹಿಂದಿನ ಬೆಂಚಿನಲ್ಲಿ ವಿದ್ಯಾರ್ಥಿನಿ ತಾರೀಖು ಬರೆದುಕೊಳ್ಳುತ್ತಾಳೆ. ಅಂದು ಅವಳಿಗೆ ಪರೀಕ್ಷೆ. ಪ್ರಶ್ನೆ: ಕೌಟುಂಬಿಕ ಹಿಂಸೆಗೊಳಗಾದ ಮಹಿಳೆಗೆ ದೊರೆಯುವ ತ್ವರಿತ ಪರಿಹಾರಗಳನ್ನು ವಿವರಿಸಿ. 10 ಅಂಕ.