ಅಗ್ಗದ ಬೇಸ್ ಗಿಟಾರ್ ಮಾರುವವರಿಗೆ ಒಂದು ಬಹಿರಂಗ ಪತ್ರ

ಸಂಗೀತ ವಾದ್ಯಗಳ ಅಂಗಡಿ ನಡೆಸುತ್ತಿರುವ ಮಾನ್ಯರೇ,

ನಿಮ್ಮ ಅಂಗಡಿಯ ಗೋಡೆಯಲ್ಲಿ ತೂಗುವ ಬೇಸ್ ಗಿಟಾರ್‌ಗಳ ಪೈಕಿ 15ರಿಂದ 25 ಸಾವಿರ ರೂಪಾಯಿಯವುಗಳ ಬಗ್ಗೆ ಈ ಪತ್ರ. ಅವನ್ನು ಕೊಳ್ಳಲು ಬರುವವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು. ಜೊತೆಗೆ ಅಪ್ಪನೋ ಅಣ್ಣನೋ ಇರುತ್ತಾರೆ. ‘ಸಾರ್, ಇದು ಚೆನ್ನಾಗಿದ್ಯಾ?’ ಎಂದು ಕೇಳುತ್ತಾರೆ. ಕಂಪನಿಯ ಹೆಸರು, ಮರದ ಜಾತಿ, ಬಣ್ಣ, ರಿಯಾಯಿತಿ ಎಲ್ಲವನ್ನೂ ನೀವು ಹೇಳುತ್ತೀರಿ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಆ ಉತ್ತರ ಕೊಡುವ ಹೊಣೆ ನಿಮ್ಮದು ಎಂದು ನೆನಪಿಸಲು ಬರೆಯುತ್ತಿದ್ದೇನೆ.

ಅಗ್ಗವೆಂದರೆ ಕೀಳು ಎನ್ನುವವನು ನಾನಲ್ಲ. ಬೇಸ್ ಗಿಟಾರ್ ಬೆಳೆದದ್ದೇ ಕಾರ್ಖಾನೆಯ ವಾದ್ಯವಾಗಿ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನ ನೆಕ್ಕನ್ನು ಅಂಟು ಹಾಕಿ ಕೂರಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ಬೇಗ ತಯಾರಾಗಬೇಕು, ಕೆಟ್ಟರೆ ಬಿಚ್ಚಿ ಸರಿಮಾಡುವಂತಿರಬೇಕು ಎಂಬುದೇ ಅದರ ಲೆಕ್ಕಾಚಾರ. ಮುಂದೆ ಜಪಾನಿನ ಕಂಪನಿಗಳು ಕಡಿಮೆ ಬೆಲೆಗೆ ನಕಲು ಮಾಡಿ ಮಾರತೊಡಗಿದಾಗ, 1982ರಲ್ಲಿ ಫೆಂಡರ್ ಕಂಪನಿಯೇ ಸ್ಕ್ವಾಯರ್ ಹೆಸರಿನಲ್ಲಿ ಜಪಾನಿನಲ್ಲೇ ಅಗ್ಗದ ವಾದ್ಯ ಮಾಡಿಸಿತು. ಆ ಕಾಲದ ಸ್ಕ್ವಾಯರ್‌ಗಳನ್ನು ಇಂದು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ.

ಈಗ ಈ ಬೆಲೆಯವು ಬರುವುದು ಬಹುಪಾಲು ಇಂಡೋನೇಷ್ಯಾ ಮತ್ತು ಚೀನಾದಿಂದ. ಅಲ್ಲಿ ಮರ ಕೊರೆಯುವುದು ಕಂಪ್ಯೂಟರ್ ನಡೆಸುವ ಯಂತ್ರ. ಹೀಗಾಗಿ ಮರದ ಅಳತೆ ತಪ್ಪುವುದು ಕಡಿಮೆ. ಖರ್ಚು ಉಳಿಸುವುದು ಮನುಷ್ಯನ ಕೈ ಬೇಕಾದ ಕೊನೆಯ ಕೆಲಸಗಳಲ್ಲಿ: ಫ್ರೆಟ್ ತುದಿ ಉಜ್ಜುವುದು, ನಟ್‌ನಲ್ಲಿ ತಂತಿ ಕೂರುವ ಸೀಳನ್ನು ಆಳ ಮಾಡುವುದು, ತಂತಿಯ ಎತ್ತರ ಹೊಂದಿಸುವುದು. ಅಗ್ಗದ ಬೇಸ್‌ನ ಗುಣ ಅಳೆಯಬೇಕಾದದ್ದು ಇಲ್ಲೇ. ಉಳಿದುಹೋದ ಆ ಕೆಲಸವನ್ನು ಮುಗಿಸಬಲ್ಲ ಕೊನೆಯ ಕೈಯೂ ನಿಮ್ಮದೇ.

ಮೊದಲು ನೆಕ್ಕು ನೋಡಿ. ದಪ್ಪನೆಯ ಇ ತಂತಿಯನ್ನು ಒಂದು ಕೈಯಿಂದ ಮೊದಲ ಫ್ರೆಟ್‌ನಲ್ಲಿ, ಇನ್ನೊಂದು ಕೈಯಿಂದ ನೆಕ್ಕು ಒಡಲನ್ನು ಸೇರುವ ಕಡೆಯ ಫ್ರೆಟ್‌ನಲ್ಲಿ ಒತ್ತಿಹಿಡಿಯಿರಿ. ಬಿಗಿದ ತಂತಿಯೇ ಈಗ ನೇರ ಅಳತೆಪಟ್ಟಿ. 7-8ನೇ ಫ್ರೆಟ್ ಬಳಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದಿದ್ದರೆ ಸರಿ. ಹೆಚ್ಚಿದ್ದರೆ ನೆಕ್ಕು ಮುಂದಕ್ಕೆ ಬಾಗಿದೆ, ಸಂದೇ ಇಲ್ಲದಿದ್ದರೆ ತೀರಾ ನೇರವಾಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ. ನಾಲ್ಕು ತಂತಿಗಳು ಸೇರಿ 70 ಕೆ.ಜಿ.ಗೂ ಮಿಕ್ಕಿ ಎಳೆಯುವಾಗ ಇಷ್ಟು ಆಗುವಂಥದ್ದೇ. ಒಳಗಿನ ಟ್ರಸ್ ರಾಡನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತುದಿಯಿಂದ ಉದ್ದಕ್ಕೆ ನೋಡಿದಾಗ ತಿರುಚಿಕೊಂಡಂತೆ ಕಾಣುವ ನೆಕ್ಕು, ರಾಡಿಗೂ ಜಗ್ಗದ ನೆಕ್ಕು ಮಾತ್ರ ಕಂಪನಿಗೆ ವಾಪಸ್ ಹೋಗಬೇಕು. ಪಿಕಪ್, ನಾಬ್, ಟ್ಯೂನಿಂಗ್ ಕೀಗಳನ್ನು ಮುಂದೆ ಎಂದಾದರೂ ಬದಲಿಸಬಹುದು. ಅಗ್ಗದ ಬೇಸ್‌ಗೆ ಹೊಸ ನೆಕ್ಕು ಹಾಕಿಸುವ ಖರ್ಚು ಅದರ ಬೆಲೆಯನ್ನೇ ಮುಟ್ಟೀತು.

ಫ್ರೆಟ್ ತುದಿ ಪರೀಕ್ಷಿಸಲು ನೆಕ್ಕಿನ ಅಂಚಿನುದ್ದಕ್ಕೂ ಅಂಗೈ ಸವರಿದರೆ ಸಾಕು. ತೇವದ ನಾಡಿನಲ್ಲಿ ತಯಾರಾದದ್ದು ಎಸಿ ಮಳಿಗೆಗೋ ಕಲಬುರಗಿಯ ಏಪ್ರಿಲ್ ಬಿಸಿಲಿಗೋ ಬಂದಾಗ ಮರ ಒಣಗಿ ಕುಗ್ಗುತ್ತದೆ. ಲೋಹ ಕುಗ್ಗುವುದಿಲ್ಲ. ತುದಿಗಳು ಹೊರಚಾಚಿ ಕೈಗೆ ಕಚ್ಚುತ್ತವೆ. ಸಣ್ಣ ಅರ ಹಿಡಿದು ತಾಳ್ಮೆಯಿಂದ ಉಜ್ಜಿದರೆ ಹೋಗುವ ದೋಷವಿದು.

ಆಮೇಲೆ ಶ್ರುತಿ. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದಾಗ ಬರುವ ಹಾರ್ಮೋನಿಕ್ ಸ್ವರ ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಟ್ಯೂನರ್‌ನಲ್ಲಿ ಒಂದೇ ಜಾಗ ತೋರಿಸಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲನ್ನು ಸ್ಕ್ರೂಡ್ರೈವರ್‌ನಿಂದ ಹಿಂದಕ್ಕೆ ಸರಿಸಿ. ನಟ್‌ನ ಸೀಳು ಆಳವಿಲ್ಲದಿದ್ದರೆ ಮೊದಲ ಫ್ರೆಟ್‌ನಲ್ಲೇ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ.

ದೋಷವಲ್ಲದ್ದನ್ನೂ ಗಿರಾಕಿಗೆ ತಿಳಿಸಿ. ಜಾಝ್ ಬೇಸ್ ಮಾದರಿಯಲ್ಲಿ ಎರಡು ಪಿಕಪ್‌ಗಳ ಪೈಕಿ ಒಂದರ ವಾಲ್ಯೂಮ್ ಇಳಿಸಿದಾಗ ಗುಂಯ್‌ಗುಡುವುದು, ಎರಡನ್ನೂ ಪೂರ್ತಿ ಏರಿಸಿದಾಗ ಆ ಸದ್ದು ಅಡಗುವುದು ಅದರ ರಚನೆಯಿಂದಲೇ. ಜಿ ತಂತಿಯ 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಸ್ವರ ಬೇಗ ಆರಿಹೋಗುವುದು ದುಬಾರಿ ಬೇಸ್‌ಗಳಲ್ಲೂ ಉಂಟು. ನೆಕ್ಕಿನ ಕಂಪನವೇ ಆ ಸ್ವರದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಅದನ್ನು ಬೆಲೆಯ ತಲೆಗೆ ಕಟ್ಟಬಾರದು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೊಸದಾಗಿ ಕಲಿಯುವವರಿಗೆ ವಾದ್ಯದ ದೋಷ ಯಾವುದು, ತಮ್ಮ ದೋಷ ಯಾವುದು ಎಂದು ಗೊತ್ತಾಗುವುದಿಲ್ಲ. ತಂತಿ ಎತ್ತರದಲ್ಲಿದ್ದು ಬೆರಳಲ್ಲಿ ಬೊಬ್ಬೆ ಬಂದರೆ, ಸರಿಯಾಗಿ ಒತ್ತಿದರೂ ಸ್ವರ ಹಾಡಿಗೆ ಕೂಡದಿದ್ದರೆ, ‘ನನಗೆ ಸಂಗೀತ ಒಲಿಯುವುದಿಲ್ಲ’ ಎಂದುಕೊಂಡು ಕೈಬಿಡುತ್ತಾರೆ. 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜಾ ಮಾಡಿದ ಹಾಡುಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿ, ಕೆಳಗಿನ ಆ ಬೇಸ್ ನಡೆಯನ್ನು ತಾನೂ ನುಡಿಸಬೇಕು ಎಂದು ಆಸೆಪಟ್ಟು ಬಂದ ಹುಡುಗಿ, ಉಜ್ಜದ ಫ್ರೆಟ್‌ಗಳ ಕಾರಣಕ್ಕೆ ಆಸೆ ಬಿಡುವುದು ಅನ್ಯಾಯ.

ಸೈಕಲ್ ಅಂಗಡಿಯವರು ಹೊಸ ಸೈಕಲ್ಲಿನ ಬ್ರೇಕ್ ಬಿಗಿಮಾಡಿ, ಚಕ್ರದ ಓಲಾಟ ತೆಗೆದ ಮೇಲೆಯೇ ಮಗುವನ್ನು ಹತ್ತಿಸುತ್ತಾರೆ. ನಿಮ್ಮಲ್ಲಿಯೂ ಅದೇ ಪದ್ಧತಿ ಬರಲಿ. ಬೇಸ್ ಗೋಡೆಗೇರುವ ಮುನ್ನ ಸೆಟಪ್ ಆಗಲಿ. 12ನೇ ಫ್ರೆಟ್ ಬಳಿ ತಂತಿಯ ಎತ್ತರ 2ರಿಂದ 3 ಮಿ.ಮೀ. ಒಳಗಿರಲಿ. ಗಿರಾಕಿ ಅದನ್ನು ಆಂಪ್‌ಗೆ ಹಾಕಿ ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ ನೋಡಲಿ. ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಟ್ಟಾಗ ತಲೆಭಾಗ ಕೆಳಗೆ ಜಾರುತ್ತದೆಯೇ ಎಂದೂ ನೋಡಲಿ. ಮಳೆಗಾಲ ಕಳೆದ ಮೇಲೆ ಒಮ್ಮೆ ತಂದರೆ ನೆಕ್ಕು ಸರಿಮಾಡಿಕೊಡುವುದಾಗಿ ಬಿಲ್ಲಿನ ಮೇಲೆ ಬರೆದುಕೊಡಿ. ಇದಕ್ಕೆ ಐನೂರೋ ಸಾವಿರವೋ ಹೆಚ್ಚು ಕೇಳಿದರೂ ತಪ್ಪಿಲ್ಲ. ಯಾಕೆ ಎಂದು ತಿಳಿಸಿ ಹೇಳಿದರೆ ಜನ ಕೊಡುತ್ತಾರೆ. ಅಷ್ಟಾದ ಮೇಲೆ ಯಾರಾದರೂ ‘ಇದು ಚೆನ್ನಾಗಿದ್ಯಾ?’ ಎಂದರೆ, ಮರದ ಹೆಸರು ಹೇಳದೆ ‘ಹೌದು, ನಾನೇ ನೋಡಿದ್ದೇನೆ’ ಎಂದು ಹೇಳುವ ಹಕ್ಕು ನಿಮ್ಮದಾಗುತ್ತದೆ.

ಇಂತಿ,
ನಿಮ್ಮ ಗಿರಾಕಿ, ಒಬ್ಬ ಬೇಸ್ ವಾದಕ