ಪರಸ್ಥಳದಲ್ಲಿ ಟೈರು ಸವೆದಾಗ

1956ರ ನವೆಂಬರ್ 1ಕ್ಕೆ ಮೊದಲು ಹೈದರಾಬಾದಿಗೆ ಬಂದ ಕಲಬುರಗಿಯವನು ತನ್ನ ರಾಜಧಾನಿಗೇ ಬಂದವನೆನಿಸುತ್ತಿದ್ದನು. ತದನಂತರ ಬಂದವನಾದರೋ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಎಷ್ಟೇ ಕನ್ನಡವನ್ನು ಕಿವಿತುಂಬ ಕೇಳಿದರೂ, ಪರಸ್ಥಳದವನೇ ಸರಿ. ಈ ತತ್ತ್ವವು ಮನುಷ್ಯನಿಗೆ ಸಂಪೂರ್ಣವಾಗಿ ಮನವರಿಕೆಯಾಗುವುದು ಅವನ ಮೋಟಾರು ಸೈಕಲ್ಲಿನ ಟೈರು ಸವೆದಾಗ.

ರಾಣಿಗಂಜಿನ ಅಂಗಡಿಸಾಲಿನಲ್ಲಿ ವಾಹನವನ್ನು ನಿಲ್ಲಿಸಿದೊಡನೆ, ವರ್ತಕನು ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ನಿಟ್ಟುಸಿರೊಂದನ್ನು ಬಿಟ್ಟು, "ಯೇ ತೋ ಗಯಾ ಸಾಬ್" ಎನ್ನುತ್ತಾನೆ. ಆ ನಿಟ್ಟುಸಿರಿನ ದೀರ್ಘತೆಯು ನಮ್ಮ ಉರ್ದುವಿನ ದೌರ್ಬಲ್ಯಕ್ಕೆ ಅನುಗುಣವಾಗಿರುತ್ತದೆ; ಬೆಲೆಯು ನಿಟ್ಟುಸಿರಿನ ವರ್ಗಕ್ಕೆ.

ದೂರದಿಂದ ಬಂದ ಸರಕೆಂದು ಸಮಾಧಾನ ತಾಳೋಣವೆಂದರೆ, 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ತಯಾರಿಸುತ್ತ ಆರಂಭವಾದ ಎಂಆರ್‌ಎಫ್ ಸಂಸ್ಥೆಯ ಕಾರ್ಖಾನೆಯೊಂದು ಸಮೀಪದ ಸದಾಶಿವಪೇಟೆಯಲ್ಲಿಯೇ ಇದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿಯು ಶೇ. 28ರಿಂದ 18ಕ್ಕೆ ಇಳಿದ ಶುಭವಾರ್ತೆಯನ್ನು ನಾವು ಅರುಹಿದರೆ, ವರ್ತಕನು ಅದನ್ನು ನಮಗಿಂತಲೂ ಹೆಚ್ಚಿನ ಸಂತೋಷದಿಂದ ಕೇಳಿ, ಟ್ಯೂಬು, ವಾಲ್ವು, ಬಿಚ್ಚುವ ಕೂಲಿ, ಜೋಡಿಸುವ ಕೂಲಿ ಎಂದು ಇಳಿದುದನ್ನೆಲ್ಲ ಮರಳಿ ಏರಿಸುತ್ತಾನೆ.

ಆದುದರಿಂದ ವಿವೇಕಿಯು ಚೌಕಾಸಿಗೆ ಮುನ್ನ ಟೈರಿನ ಜಾತಕವನ್ನು ನೋಡತಕ್ಕದ್ದು: ಪಾರ್ಶ್ವದಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಜನಿಸಿದ್ದು. ಆ ಅಂಕಿಯ ಮೇಲೆ ಮೌನವಾಗಿ ಬೆರಳಿಟ್ಟರೆ ಸಾಕು. ಹಳೆಯ ಟೈರು ಒಳಗೆ ಹೋಗಿ ಹೊಸತು ಹೊರಗೆ ಬರುತ್ತದೆ, ಹಿಂದೆಯೇ ಇರಾನಿ ಚಹಾವೂ ಬರುತ್ತದೆ. ಚಹಾದ ಹಣವನ್ನು ವರ್ತಕನು ಪ್ರಾಣ ಹೋದರೂ ಮುಟ್ಟುವುದಿಲ್ಲ. ಅದನ್ನು ಟೈರಿನ ಬೆಲೆಯಲ್ಲಿ ಆಗಲೇ ಸೇರಿಸಿರುತ್ತಾನೆ.